ಸೂಪರ್ ಹೀರೋನ ಅಮ್ಮ

ಅವನಿಗೆ ಐವತ್ತೆಂಟು ವರ್ಷ, ನನಗೆ ನಲವತ್ತಮೂರು. ಹೊಸ ನಾಟಕದಲ್ಲಿ ನಾನು ಅವನ ತಾಯಿ. ಈ ಸುದ್ದಿಯನ್ನು ಅವನು ನನ್ನ ಹೊಲಿಗೆ ಅಂಗಡಿಗೇ ಬಂದು ಹೇಳಿದ. ಯಾರದೋ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಸೂಜಿ ಬೆರಳಿಗೆ ಚುಚ್ಚಲಿಲ್ಲ, ಕಣ್ಣಲ್ಲಿ ನೀರೂ ಬರಲಿಲ್ಲ. ಅಂಥದ್ದೆಲ್ಲ ಆಗುವುದು ಅವನ ನಾಟಕಗಳಲ್ಲಿ. ನನಗೆ ಬಂದದ್ದು ಸಿಟ್ಟು. ಹುಕ್ಕು ಹಾಕಿ ಮುಗಿಸಿ, ದಾರ ಹಲ್ಲಲ್ಲಿ ಕಡಿದು, "ಆಗಲಿ ಅಣ್ಣಾ" ಅಂದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎದುರಿಗೆ ನಾನು ಅವನನ್ನು ಅಣ್ಣ ಎಂದೇ ಕರೆಯುವುದು, ನೀವು ಎಂದೇ ಮಾತಾಡಿಸುವುದು. ಈ ಬರಹದಲ್ಲಿ ಮಾತ್ರ ಉದ್ದಕ್ಕೂ ‘ಅವನು’. ಇಪ್ಪತ್ತೊಂದು ವರ್ಷ ಕೊಟ್ಟ ಮರ್ಯಾದೆಯನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಓದುವವರಿಗೆ ಇದು ಸಣ್ಣತನ ಅನಿಸಿದರೆ ಅನಿಸಲಿ.

ನನ್ನ ಅಂಗಡಿ ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ತವರು ಮಡಿಕೇರಿಯಿಂದ ಆಚೆ, ಪಶ್ಚಿಮಕ್ಕೆ, ಅರೆಭಾಷೆ ಮಾತಾಡುವ ಮನೆ. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಇಪ್ಪತ್ತೆರಡು. ಆ ವರ್ಷವೇ ಅವನ ನಾಟಕ ಸಂಘಕ್ಕೆ ಸೇರಿದೆ. ಅವನ ಸಂಘ ಎಂದೆ ನೋಡಿ, ಸರಿಯಾಗಿಯೇ ಹೇಳಿದೆ. ಕಾಫಿ ತೋಟದ ಧಣಿ, ಸಂಘದ ಅಧ್ಯಕ್ಷ, ನಾಟಕ ಬರೆಯುವವನು, ನಿರ್ದೇಶಕ, ನಾಯಕ, ಎಲ್ಲ ಅವನೇ. ಸಂಘ ಶುರುವಾದ ದಿನದಿಂದ ಇವತ್ತಿನವರೆಗೆ ನಾಯಕ ಬದಲಾಗಿಲ್ಲ. ನಾಯಕಿಯರು ಮಾತ್ರ ತೋಟದ ಲೆಕ್ಕ ಬರೆಯುವ ರೈಟರುಗಳ ಹಾಗೆ ಬಂದರು, ಹೋದರು.

ಹನ್ನೆರಡು ವರ್ಷ ನಾನೇ ನಾಯಕಿ. ವೇದಿಕೆಯ ಕೆಳಗೆ ಅಣ್ಣ, ಮೇಲೆ ಪ್ರಾಣೇಶ್ವರ. ಮೂವತ್ತನಾಲ್ಕು ತುಂಬಿದ ವರ್ಷ ನನ್ನನ್ನು ಅತ್ತಿಗೆ ಮಾಡಿದ. ಆಮೇಲೆ ಗಂಡ ಸತ್ತ ಅಕ್ಕ. ಆಮೇಲೆ ಮೂರು ವರ್ಷ ಪಾತ್ರವೇ ಇಲ್ಲ, ಉಳಿದವರಿಗೆ ಬಟ್ಟೆ ಹೊಲಿಯುವುದು ಮಾತ್ರ. ಕಾಲೇಜಿನ ಹುಡುಗಿಯರು ಒಬ್ಬಳಾದ ಮೇಲೆ ಒಬ್ಬಳು ಬಂದು ಅವನ ಪ್ರಾಣೇಶ್ವರಿಯಾದರು. ಈಗ ನನಗೆ ಬಡ್ತಿ ಸಿಕ್ಕಿತ್ತು, ಅಮ್ಮನಾಗಿ.

"ನನಗಿನ್ನೂ ಮೂವತ್ತೆಂಟು ಅಣ್ಣಾ, ನಿಮ್ಮ ತಾಯಿ ಅಂದ್ರೆ ಜನ ನಂಬ್ತಾರಾ?" ಎಂದು ಮಾರನೇ ದಿನದ ಪ್ರ್ಯಾಕ್ಟೀಸಿನಲ್ಲಿ ಎಲ್ಲರೆದುರೇ ಕೇಳಿದೆ. ಹೌದು, ಮೂವತ್ತೆಂಟು ಎಂದೇ ಹೇಳಿದೆ. ಕಳೆದ ಐದು ವರ್ಷದಿಂದ ನನಗೆ ಮೂವತ್ತೆಂಟೇ ನಡೆಯುತ್ತಿದೆ. ಅವನು ಅದನ್ನೂ ಮೀರಿಸಿದ. "ಅದಕ್ಕೆಂತ, ತಲೆಗೆ ನಾಲ್ಕು ಚಿಟಿಕೆ ಪೌಡರ್ ಹಾಕಿದ್ರೆ ಆಯ್ತು. ನಂಬಿಸೋದಕ್ಕೇ ಅಲ್ವಾ ನಾಟಕ ಇರೋದು?" ಅಂದ. ಉಳಿದವರು ನಕ್ಕರು. ಮೂಲೆಯಲ್ಲಿ ಬಣ್ಣದ ಡಬ್ಬಿಗಳನ್ನು ಒರೆಸುತ್ತಿದ್ದ ಬಣ್ಣದ ಅಕ್ಕ ಮಾತ್ರ ನಗಲಿಲ್ಲ.

ಬಣ್ಣದ ಅಕ್ಕ ಎಂದರೆ ಸಂಘದಲ್ಲಿ ಎಲ್ಲರ ಮುಖಕ್ಕೆ ಬಣ್ಣ ಹಚ್ಚುವವರು. ನನ್ನ ತವರಿನ ಕಡೆಯವರೇ. ಇಬ್ಬರೇ ಇದ್ದರೆ ನಮ್ಮ ಮಾತು ಅರೆಭಾಷೆಯಲ್ಲಿ. ಅವರು ಅವನಿಗಿಂತ ಒಂದು ವರ್ಷ ಚಿಕ್ಕವರು. ನಾನು ಬರುವ ಮೊದಲು ಅವನ ನಾಯಕಿ ಅವರೇ. ನಾನು ಬಂದ ವರ್ಷ ಅವರಿಗೆ ಮೂವತ್ತಾರು. ಆ ವರ್ಷ ಅವನು ಬರೆದ ರಾಜನ ನಾಟಕದಲ್ಲಿ ನಾನು ಯುವರಾಣಿಯಾದೆ, ಅವರು ಅವನ ತಾಯಿ ರಾಜಮಾತೆಯಾದರು. ಅದೊಂದೇ ಸಲ. ಮುಂದಿನ ವರ್ಷದಿಂದ ಅವರು ವೇದಿಕೆ ಹತ್ತಲಿಲ್ಲ, ಬಣ್ಣದ ಡಬ್ಬಿ ಹಿಡಿದರು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಇಪ್ಪತ್ತೆರಡರ ಹುಡುಗಿಗೆ ತನ್ನ ಕಿರೀಟ ನೆಟ್ಟಗಿದೆಯೇ ಎಂದು ನೋಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತಿತ್ತು.

ಈ ಸಲದ ನಾಟಕ ಸೂಪರ್ ಹೀರೋದು. ಹುಡುಗರು ನಾಟಕಕ್ಕೆ ಬರುತ್ತಿಲ್ಲ, ಎಲ್ಲ ಮೊಬೈಲಿನಲ್ಲಿ ಹಾರುವ ಮನುಷ್ಯರನ್ನು ನೋಡುತ್ತಾ ಕೂತಿದ್ದಾರೆ, ಹಾಗಾದರೆ ನಾವೂ ಹಾರೋಣ ಎಂದು ಅವನು ತೀರ್ಮಾನಿಸಿದ. ಸಿನಿಮಾದಲ್ಲಿ ನೋಡಿದ್ದನ್ನು ಕೊಡಗಿಗೆ ಇಳಿಸಿದ. ಗುಡ್ಡದ ತುದಿಯಲ್ಲಿ ಸಿಡಿಲು ಬಡಿದು ಒಬ್ಬ ತರುಣನಿಗೆ ಶಕ್ತಿ ಬರುತ್ತದೆ. ಅವನು ಹಾರುತ್ತಾನೆ, ತೋಟಕ್ಕೆ ನುಗ್ಗಿದ ಆನೆಗಳನ್ನು ಬರಿಗೈಯಲ್ಲಿ ಕಾಡಿಗಟ್ಟುತ್ತಾನೆ, ಮರಗಳ್ಳರ ಲಾರಿಯನ್ನು ಒಂದೇ ಕೈಯಲ್ಲಿ ತಡೆಯುತ್ತಾನೆ, ಕಾಲೇಜು ಹುಡುಗಿಯೊಬ್ಬಳನ್ನು ಪ್ರೀತಿಸುತ್ತಾನೆ. ಹಸ್ತಪ್ರತಿಯಲ್ಲಿ ‘ಇಪ್ಪತ್ತೈದರ ತರುಣ’ ಎಂದು ಅವನ ಕೈಬರಹದಲ್ಲೇ ಬರೆದಿತ್ತು.

ಆ ತರುಣನ ಅಳತೆ ತೆಗೆದದ್ದು ನಾನು. ಮೈಗೆ ಅಂಟುವ ನೀಲಿ ಬಟ್ಟೆ, ಬೆನ್ನ ಮೇಲೆ ಕೆಂಪು ನಿಲುವಂಗಿ. ಟೇಪು ಹಿಡಿದು ಹೊಟ್ಟೆ ಸುತ್ತುವಾಗ ಅವನು ಉಸಿರು ಒಳಗೆಳೆದು ನಿಂತ. ನಾನು ಟೇಪು ಹಿಡಿದುಕೊಂಡೇ ಊರಿನ ಸುದ್ದಿ ಮಾತಾಡಿಸತೊಡಗಿದೆ. ಉತ್ತರ ಕೊಡಲು ಬಾಯಿ ಬಿಟ್ಟಾಗ ಹೊಟ್ಟೆ ತನ್ನ ಜಾಗಕ್ಕೆ ಬಂತು, ಅಳತೆ ಬರೆದುಕೊಂಡೆ.

ನಾಯಕಿಗೆ ಹತ್ತೊಂಬತ್ತು. ಡಿಗ್ರಿ ಓದುವ ಚುರುಕು ಹುಡುಗಿ. ಮೊದಲ ದಿನ ಅವನನ್ನು ಅಂಕಲ್ ಎಂದಳು. "ಸರ್ ಅನ್ನಬೇಕಮ್ಮ" ಎಂದು ಅವನು ತಿದ್ದಿದ. ಡ್ಯುಯೆಟ್ಟಿನಲ್ಲಿ ಅವನ ಕೈ ಹೆಗಲಿನಿಂದ ಜಾರಿ ಸೊಂಟಕ್ಕೆ ಬರುವಾಗ ಅವಳು ಮರದ ಹಲಗೆಯಂತೆ ಬಿಗಿಯಾಗುವುದನ್ನು ನೋಡಿದೆ. ಆ ಬಿಗಿತ ನನಗೆ ಗೊತ್ತಿತ್ತು. ಮರುದಿನ ಕಾಫಿ ಕೊಯ್ಯುವ ದೊಡ್ಡ ಬುಟ್ಟಿಯೊಂದನ್ನು ತಂದು, ಅದರ ಬಳ್ಳಿಯನ್ನು ಅವಳ ಸೊಂಟಕ್ಕೆ ಕಟ್ಟಿದೆ. ತೋಟದ ಹುಡುಗಿಯಲ್ಲವೇ, ಪಿಕ್ಕಿಂಗ್ ಸೀಸನ್ನು, ಬುಟ್ಟಿ ಇದ್ದರೆ ಚೆಂದ ಎಂದೆ. ಅವನಿಗೂ ಹೌದೆನಿಸಿತು. ಆಮೇಲೆ ಅವರಿಬ್ಬರ ಮಧ್ಯೆ ಹಾಡು ಮುಗಿಯುವವರೆಗೂ ಒಂದೂವರೆ ಅಡಿ ಬುಟ್ಟಿ ನಿಂತಿರುತ್ತಿತ್ತು. ನನ್ನ ಕಾಲದಲ್ಲಿ ನನಗೆ ಯಾರೂ ಬುಟ್ಟಿ ಕಟ್ಟಿರಲಿಲ್ಲ.

ಒಂದು ಸಂಜೆ ಚಹಾದ ಹೊತ್ತಿನಲ್ಲಿ ಆ ಹುಡುಗಿ ಮೊಬೈಲು ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಹಾರುವ ಮನುಷ್ಯರ ಸಿನಿಮಾಗಳ ನಟನಟಿಯರ ವಯಸ್ಸನ್ನು ಒಂದೊಂದಾಗಿ ಹುಡುಕಿ ತೋರಿಸಿದಳು. "ನೋಡಿ ಆಂಟಿ, ಇವನಿಗೆ ಐವತ್ತರ ಹತ್ತಿರ, ಇವಳಿಗೆ ಇನ್ನೂ ಮೂವತ್ತಾಗಿಲ್ಲ. ಇಲ್ಲಿ ನೋಡಿ, ಮೊದಲನೇ ಭಾಗದಲ್ಲಿದ್ದ ಹೀರೋಯಿನ್ನು ಮೂರನೇ ಭಾಗದಲ್ಲಿ ಇಲ್ಲವೇ ಇಲ್ಲ. ಹೀರೋ ಅವನೇ. ಮತ್ತೆ ಇವರನ್ನು ನೋಡಿ, ಇವರು ಹೀರೋನ ಅಮ್ಮ. ಅವನಿಗಿಂತ ಬರೀ ನಾಲ್ಕು ವರ್ಷ ದೊಡ್ಡವರು!"

ಅವನು ಲೋಟ ಹಿಡಿದು ಹಿಂದೆಯೇ ನಿಂತಿದ್ದ. "ಸೂಪರ್ ಹೀರೋಗೆ ವಯಸ್ಸಾಗೋದಿಲ್ಲ ಮಗೂ" ಅಂದ.

"ಹೀರೋಯಿನ್‌ಗೆ ಮಾತ್ರ ಆಗ್ತದಾ ಸರ್?" ಎಂದು ಹುಡುಗಿ ತಲೆ ಎತ್ತದೆಯೇ ಕೇಳಿದಳು.

ಅವನು ಕೇಳಿಸದವನಂತೆ ಹೋದ. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಹೊಟ್ಟೆ ಉರಿ. ಎಲ್ಲೋ ಸಮುದ್ರದಾಚೆ ಕೋಟಿಗಟ್ಟಲೆ ಸುರಿದು ತೆಗೆಯುವವರ ಬುದ್ಧಿಯೂ ಕುಶಾಲನಗರದ ಈ ತೋಟದ ಧಣಿಯ ಬುದ್ಧಿಯೂ ಒಂದೇ. ಅವರ ಅಮ್ಮನಾದರೂ ನಾಲ್ಕು ವರ್ಷ ದೊಡ್ಡವಳು. ನಾನು ಹದಿನೈದು ವರ್ಷ ಚಿಕ್ಕವಳು. ಆ ವಿಷಯದಲ್ಲಿ ನಾವೇ ಮುಂದೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಮುಂದೆ ನಡೆದದ್ದನ್ನು ನುಂಗಲಾಗಲಿಲ್ಲ.

ನಮ್ಮ ಕಡೆ ಕಾಲು ಹಿಡಿಯುವ ಪದ್ಧತಿ ಇದೆ. ಮದುವೆ ಮನೆಯಿರಲಿ, ಹುತ್ತರಿ ಹಬ್ಬವಿರಲಿ, ದೂರದ ಪ್ರಯಾಣವಿರಲಿ, ಚಿಕ್ಕವರು ಬಗ್ಗಿ ದೊಡ್ಡವರ ಪಾದ ಮುಟ್ಟಿ ಕೈಯನ್ನು ತಮ್ಮ ಹಣೆಗೆ ಒತ್ತಿಕೊಳ್ಳಬೇಕು. ಹಾಗೆ ಮೂರು ಸಲ. ದೊಡ್ಡವರು ತಲೆ ಮುಟ್ಟಿ ಹರಸುತ್ತಾರೆ. ಯಾರು ದೊಡ್ಡವರು ಎಂಬುದರಲ್ಲಿ ಅಂದಾಜು ನಡೆಯುವುದಿಲ್ಲ. ಒಂದು ತಿಂಗಳು ದೊಡ್ಡವರಾದರೂ ದೊಡ್ಡವರೇ. ಹಾಗಾಗಿ ನಮ್ಮಲ್ಲಿ ಇಬ್ಬರು ಹೊಸಬರು ಭೇಟಿಯಾದರೆ ಮೊದಲು ಹುಟ್ಟಿದ ವರ್ಷ ಹೊರಬರುತ್ತದೆ, ಆಮೇಲೆ ಮಾತು. ದೊಡ್ಡವರು ಚಿಕ್ಕವರ ಕಾಲು ಹಿಡಿಯುವ ಹಾಗಿಲ್ಲ. ಹಿಡಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಈ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ನೋಡಿಲ್ಲ. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಚಪ್ಪಲಿ ಬಿಚ್ಚಿ, ಎರಡೂ ಪಾದ ಮುಂದಿಟ್ಟುಕೊಂಡೇ ಕೂರುತ್ತಾನೆ. ಯಾರಾದರೂ ಸುಮ್ಮನೆ ಕೈಮುಗಿದು ದಾಟಿದರೆ ಕರೆದು, "ನಾನು ನಿನ್ನ ಅಪ್ಪನಿಗಿಂತ ಮೂರು ತಿಂಗಳು ದೊಡ್ಡವ, ಗೊತ್ತುಂಟಾ?" ಎಂದು ಲೆಕ್ಕ ಒಪ್ಪಿಸಿ ಕಾಲು ಹಿಡಿಸಿಕೊಳ್ಳುತ್ತಾನೆ. ವೇದಿಕೆಯ ಮೇಲೆ ಇಪ್ಪತ್ತೈದು, ಕೆಳಗಿಳಿದರೆ ಐವತ್ತೆಂಟು ವರ್ಷ ಮೂರು ತಿಂಗಳು. ಪ್ರಾಯದ ಸುಖವೂ ಬೇಕು, ವಯಸ್ಸಿನ ಮರ್ಯಾದೆಯೂ ಬೇಕು.

ನಾಟಕದ ಕೊನೆಯಲ್ಲಿ ಸೂಪರ್ ಹೀರೋ ಗೆದ್ದು, ಮದುವೆಯಾಗಲಿರುವ ಹುಡುಗಿಯನ್ನು ಕರೆದುಕೊಂಡು ಮನೆಗೆ ಬರುತ್ತಾನೆ. ಅಮ್ಮ ಬಾಗಿಲಲ್ಲಿ ಆರತಿ ಎತ್ತುತ್ತಾಳೆ. ಜೋಡಿ ಅಮ್ಮನ ಕಾಲು ಹಿಡಿಯಬೇಕು. ಪ್ರ್ಯಾಕ್ಟೀಸಿನಲ್ಲಿ ಆ ಜಾಗ ಬಂದಾಗ ಅವನು ನಿಂತುಬಿಟ್ಟ.

"ಇದು ಬೇಡ. ನಾನು ನಿನಗಿಂತ ಎಷ್ಟು ದೊಡ್ಡವ ಮಾರಾಯ್ತಿ! ನಿನ್ನ ಕಾಲು ನಾನು ಹಿಡಿಯೋದೆಂತ? ಮತ್ತೆ ಈ ಡ್ರೆಸ್ಸಲ್ಲಿ ಬಗ್ಗಲಿಕ್ಕೂ ಆಗೋದಿಲ್ಲ." ಎಂದವನೇ ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿ ಬೇರೆ ಬರೆದ. ‘ಅಮ್ಮಾ, ಸಮಯವಿಲ್ಲ, ಲೋಕ ನನ್ನನ್ನು ಕರೆಯುತ್ತಿದೆ’ ಎಂದು ಹೇಳಿ ಅವನು ಹಾರಿಹೋಗುತ್ತಾನೆ.

ಹದಿನೈದು ವರ್ಷ ಚಿಕ್ಕವಳನ್ನು ಅಮ್ಮನಾಗಿಸುವಾಗ ನೆನಪಾಗದ ವಯಸ್ಸು ಕಾಲು ಹಿಡಿಯುವಾಗ ನೆನಪಾಯಿತು. ಹತ್ತೊಂಬತ್ತರ ಹುಡುಗಿಯ ಸೊಂಟ ಬಳಸುವಾಗ ಬಗ್ಗುವ ಮೈ ಇಲ್ಲಿ ಬಗ್ಗಲಿಲ್ಲ. ಆಗಲೇ ನನಗೆ ಹಳೆಯದೂ ನೆನಪಾದದ್ದು. ರಾಜನ ನಾಟಕದಲ್ಲೂ ಇದೇ ಆಗಿತ್ತು. ರಾಜಮಾತೆ ಆರತಿ ಹಿಡಿದು ನಿಂತಿದ್ದರು. ಅವನು ‘ತಾಯೇ, ಯುದ್ಧ ಕರೆಯುತ್ತಿದೆ’ ಎಂದು ನನ್ನ ಕೈ ಹಿಡಿದುಕೊಂಡು ಓಡಿದ್ದ. ಜನ ಶಿಳ್ಳೆ ಹೊಡೆದಿದ್ದರು. ಬಣ್ಣದ ಅಕ್ಕನಿಗೆ ಮಾಡಿದ್ದನ್ನೇ ನನಗೂ ಮಾಡುತ್ತಿದ್ದಾನೆ, ಸಾಲು ಕೂಡ ಹೊಸದಲ್ಲ ಎಂದು ಹಲ್ಲು ಕಡಿದೆ. ಅವನು ನನ್ನ ಕಾಲು ಹಿಡಿಯಲೇಬೇಕು, ಊರೆಲ್ಲ ನೋಡಬೇಕು ಎಂದು ಆ ಸಂಜೆ ಮನಸ್ಸಿನಲ್ಲೇ ಹರಕೆ ಹೊತ್ತೆ.

ಏನು ಕಳೆದುಕೊಳ್ಳಬಹುದು ಎಂಬುದೂ ಗೊತ್ತಿತ್ತು. ಅವನ ಮಾತು ಮೀರಿದವರು ಮತ್ತೆ ಆ ಸಂಘದ ಮೆಟ್ಟಿಲು ಹತ್ತಿದ್ದಿಲ್ಲ. ನನ್ನಂಥವಳಿಗೆ ಈ ಊರಿನಲ್ಲಿ ಬೇರೆ ವೇದಿಕೆಯೂ ಇಲ್ಲ. ವರ್ಷವಿಡೀ ಬೇರೆಯವರ ಅಳತೆಗೆ ಬಟ್ಟೆ ಕತ್ತರಿಸುವವಳು ನಾನು. ವರ್ಷಕ್ಕೊಂದು ಮಧ್ಯಾಹ್ನ ದೀಪದ ಕೆಳಗೆ ನಿಂತು ಮುನ್ನೂರು ಜನರ ಎದುರು ಮಾತಾಡುವುದೊಂದೇ ನನ್ನದು ಅಂತ ಇದ್ದದ್ದು. ಅದು ಹೋದರೆ ಹೊಲಿಗೆ ಮೆಷಿನ್ನು ಮಾತ್ರ ಉಳಿಯುತ್ತದೆ. ಎರಡು ದಿನ ಯೋಚಿಸಿದೆ. ಅಮ್ಮನಾಗಿ ನಿಂತು ಅಮ್ಮನ ಮರ್ಯಾದೆಯೂ ಸಿಗದಿದ್ದರೆ ಆ ದೀಪದ ಕೆಳಗೆ ನಿಂತೇನು ಪ್ರಯೋಜನ ಎಂದುಕೊಂಡೆ.

ಬಟ್ಟೆ ಹೊಲಿಯುವವಳು ಸೇಡು ತೀರಿಸಿಕೊಳ್ಳುತ್ತಾಳೆಂದರೆ ಎಲ್ಲರಿಗೂ ಹೊಳೆಯುವುದು ಒಂದೇ, ಹೊಲಿಗೆ ಸಡಿಲ ಬಿಟ್ಟು ವೇದಿಕೆಯ ಮೇಲೆ ಚಡ್ಡಿ ಹರಿಯುವ ಹಾಗೆ ಮಾಡುವುದು. ಅದು ಅಗ್ಗದ ಕೆಲಸ. ಹರಿದರೆ ಹೋಗುವುದು ನನ್ನ ಅಂಗಡಿಯ ಹೆಸರು. ನಾನು ಅದಕ್ಕೆ ಉಲ್ಟಾ ಮಾಡಿದೆ. ತೊಡೆಯ ಸಂದಿಗೂ ಮಂಡಿಯ ಹಿಂದಕ್ಕೂ ಅದೇ ನೀಲಿ ಬಟ್ಟೆಯ ತುಂಡು ಸೇರಿಸಿ, ಎರಡೆರಡು ಸಲ ಹೊಲಿಗೆ ಹಾಕಿದೆ. ಆ ಬಟ್ಟೆ ತೊಟ್ಟು ನೆಲಕ್ಕೆ ಹಣೆ ಹಚ್ಚಿದರೂ ಒಂದು ನೂಲು ಬಿಡುವ ಹಾಗಿರಲಿಲ್ಲ. ಬಗ್ಗಲಾಗುವುದಿಲ್ಲ ಎಂಬ ಮಾತಿಗೆ ಜಾಗವೇ ಇರಬಾರದಲ್ಲ.

ಇನ್ನೊಂದು ಅನುಕೂಲವನ್ನು ಅವನೇ ನನ್ನ ಕೈಗೆ ಕೊಟ್ಟಿದ್ದ. ಹಾರುವುದಕ್ಕೆ ಮೇಲಿನ ಜಂತಿಗೆ ರಾಟೆ ಕಟ್ಟಿ ಹಗ್ಗ ಇಳಿಬಿಟ್ಟಿದ್ದರು. ಹಗ್ಗದ ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಪರದೆಯ ಹಿಂದೆ ತೋಟದ ಕೂಲಿ ಲೈನಿನ ನಾಲ್ಕು ಜನ ಹಗ್ಗ ಹಿಡಿದು ನಿಲ್ಲುತ್ತಾರೆ. ಮೊದಲು ಇಬ್ಬರನ್ನು ಇಟ್ಟಿದ್ದ, ಇಬ್ಬರ ಕೈಯಲ್ಲಿ ಸೂಪರ್ ಹೀರೋ ನೆಲ ಬಿಡಲಿಲ್ಲ. ಕೊನೆಯ ದೃಶ್ಯದಲ್ಲಿ ಅಮ್ಮ ಮಗನನ್ನು ತಬ್ಬಿಕೊಳ್ಳುವ ನೆಪದಲ್ಲಿ ನಿಲುವಂಗಿಯ ಒಳಗೆ ಕೈ ಹಾಕಿ, ಬೆನ್ನ ಪಟ್ಟಿಗೆ ಕೊಕ್ಕೆ ಸಿಕ್ಕಿಸಿ, ಎರಡು ಸಲ ಬೆನ್ನು ತಟ್ಟಬೇಕು. ತಟ್ಟಿದ್ದನ್ನು ನೋಡಿ ಅವರು ಎಳೆಯುತ್ತಾರೆ. ನಾನು ತಟ್ಟದೆ ಅವನು ಹಾರುವಂತಿಲ್ಲ.

ನಾಟಕ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಬಣ್ಣದ ಕೋಣೆಯಲ್ಲಿ ಅಕ್ಕ ನನ್ನ ತಲೆಗೆ ಬಿಳಿ ಪೌಡರು ತಿಕ್ಕಿದರು, ಬಾಯಿಯ ಎರಡೂ ಬದಿಗೆ ಕಂದು ಗೆರೆ ಎಳೆದರು. ಕನ್ನಡಿಯಲ್ಲಿ ನನ್ನ ಅಜ್ಜಿ ಕೂತಿದ್ದಳು.

"ಇವತ್ ಅವ ನನ್ನ ಕಾಲ್ ಹಿಡಿಯೊಕು ಅಕ್ಕ, ಹಂಗೆ ಮಾಡ್ನೆ ನೋಡಿ" ಎಂದೆ ಪಿಸುಮಾತಿನಲ್ಲಿ. ನಿಮ್ಮ ಸೇಡೂ ಇದರಲ್ಲಿ ಸೇರಿದೆ ಎನ್ನುವ ಹಮ್ಮೂ ಆ ಮಾತಿನಲ್ಲಿತ್ತು.

ಅಕ್ಕ ಕುಂಚ ನಿಲ್ಲಿಸಿ ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಮಾಡ್" ಎಂದರು. ಮತ್ತೆ ಗೆರೆ ಎಳೆಯತೊಡಗಿದರು.

ಸಭಾಭವನ ತುಂಬಿತ್ತು. ಆನೆಗಳು ಬಂದವು, ಓಡಿದವು. ಲಾರಿ ನಿಂತಿತು. ಡ್ಯುಯೆಟ್ಟಿನಲ್ಲಿ ಬುಟ್ಟಿ ತನ್ನ ಕೆಲಸ ಮಾಡಿತು. ಕೊನೆಯ ದೃಶ್ಯಕ್ಕೆ ನಾನು ಆರತಿ ತಟ್ಟೆ ಹಿಡಿದು ಬಾಗಿಲ ಚೌಕಟ್ಟಿನಲ್ಲಿ ನಿಂತೆ. ಅವನು ಹುಡುಗಿಯ ಕೈ ಹಿಡಿದು ಬಂದ. ಬೆವರಿಗೆ ತಲೆಯ ಬಣ್ಣ ಕರಗಿ ಕಿವಿಯ ಹಿಂದೆ ಕಪ್ಪು ಗೆರೆ ಇಳಿದಿತ್ತು. "ಅಮ್ಮಾ, ಸಮಯವಿಲ್ಲ, ಲೋಕ ನನ್ನನ್ನು ಕರೆಯುತ್ತಿದೆ!" ಎಂದು ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಿಂದ ನನ್ನನ್ನು ತಬ್ಬಿಕೊಳ್ಳಲು ಬಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಲೋಕ ಸ್ವಲ್ಪ ಕಾಯಲಿ ಮಗನೇ" ಎಂದೆ. "ಮದುವೆಯಾಗುವ ಹುಡುಗಿಯನ್ನು ಮನೆಗೆ ತಂದಿದ್ದೀಯ. ಹೆತ್ತವಳ ಕಾಲು ಹಿಡಿಯದೆ ಎಲ್ಲಿಗೆ ಹಾರುತ್ತೀ?" ಆರತಿ ತಟ್ಟೆ ಪಕ್ಕಕ್ಕಿಟ್ಟು, ಸೀರೆಯ ನೆರಿಗೆ ತುಸು ಎತ್ತಿ, ಬಲಗಾಲನ್ನು ಮುಂದಿಟ್ಟೆ.

ಅವನ ಕೈ ಇನ್ನೂ ಮೇಲೆಯೇ ಇತ್ತು. "ಕೊಕ್ಕೆ ಹಾಕು" ಎಂದು ಹಲ್ಲು ಕಚ್ಚಿ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಆಗ ಯಾರೂ ಹೇಳಿಕೊಡದೆ ಆ ಹುಡುಗಿ ಬುಟ್ಟಿ ಬಿಚ್ಚಿಟ್ಟು ಮುಂದೆ ಬಂದಳು. ಬಗ್ಗಿ ನನ್ನ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡಳು, ಒಂದು, ಎರಡು, ಮೂರು. ಸರಿಯಾಗಿ, ನಿಧಾನವಾಗಿ. ಎದ್ದು ಪಕ್ಕದಲ್ಲಿ ನಿಂತು ಅವನ ಮುಖ ನೋಡಿದಳು. ಸಭೆಯೂ ಅವನ ಮುಖವನ್ನೇ ನೋಡಿತು.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಹಿಡಿ ಮಾರಾಯಾ, ಅಮ್ಮ ಅಲ್ವಾ!"

ನಗು ಎದ್ದಿತು. ಅವನು ಕದಲಲಿಲ್ಲ. ನಾನು ಇಡೀ ಸಭಾಭವನಕ್ಕೆ ಕೇಳುವ ಹಾಗೆ, ಬೆಣ್ಣೆಯಂಥ ದನಿಯಲ್ಲಿ ಕೇಳಿದೆ. "ಯಾಕಪ್ಪಾ ಯೋಚಿಸುತ್ತೀ? ನಾನು ನಿನಗಿಂತ ದೊಡ್ಡವಳಲ್ಲವೇ? ನೀನೇ ದೊಡ್ಡವನಾದರೆ ಈ ಸಭೆಗೆ ಹೇಳಿಬಿಡು, ನಾನೇ ನಿನ್ನ ಕಾಲು ಹಿಡಿಯುತ್ತೇನೆ."

ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಮದುವೆ ಮನೆಗಳಲ್ಲಿ ಅವನ ಕಾಲು ಹಿಡಿದವರೇ. ಅವನ ಹುಟ್ಟಿದ ವರ್ಷ, ತಿಂಗಳು, ವಾರ ಎಲ್ಲ ಅವನೇ ಬಾಯಿಪಾಠ ಮಾಡಿಸಿದ್ದ. ನಗು ಹೇಗೆ ಬಂತೆಂದರೆ ತಗಡಿನ ಮಾಡಿನ ಮೇಲೆ ಮಳೆ ಬಂದ ಹಾಗೆ, ಒಂದೇ ಸಮ. ಅವನು ಒಮ್ಮೆ ನನ್ನ ಕಾಲನ್ನು, ಒಮ್ಮೆ ಸಭೆಯನ್ನು ನೋಡಿದ. ಮುಂದೆ ಹೋದರೆ ಕಾಲು, ಹಿಂದೆ ಹೋದರೆ ಐವತ್ತೆಂಟು.

ಬಗ್ಗಿದ. ನನ್ನ ಹೊಲಿಗೆ ಎಲ್ಲೂ ಬಿಡಲಿಲ್ಲ. ಮಂಡಿ ಮಾತ್ರ ಎರಡು ಸಲ ಸದ್ದು ಮಾಡಿತು. ಒಂದು ಸಲ ಮುಟ್ಟಿ ಏಳಹೊರಟವನಿಗೆ "ಮೂರು ಸಲ ಮಗನೇ" ಎಂದೆ. ಮೂರು ಸಲ ಮುಟ್ಟಿದ. ನನ್ನ ಆಯುಸ್ಸು ಎಷ್ಟು ಕಡಿಮೆಯಾಯಿತೋ, ಆಗಲಿ, ಅಷ್ಟು ವರ್ಷ ಅವನ ಅತ್ತಿಗೆಯಾಗಿ ನಿಂತು ಕಳೆದಾಗಿದೆ. ತಲೆಯ ಮೇಲೆ ಕೈಯಿಟ್ಟೆ. ಕರಗಿದ ಬಣ್ಣ ಅಂಗೈಗೆ ಅಂಟಿತು.

"ನೂರು ವರ್ಷ ಬಾಳು ಮಗನೇ. ನೂರಕ್ಕೆ ಇನ್ನು ನಲವತ್ತೆರಡು ಉಳಿದಿದೆ, ಅದನ್ನೂ ಸುಖವಾಗಿ ಬಾಳು."

ಸಭೆಯಲ್ಲಿ ಎಲ್ಲರೂ ಒಂದು ಕ್ಷಣ ಮನಸ್ಸಿನಲ್ಲೇ ನೂರರಿಂದ ಕಳೆದರು. ಆಮೇಲೆ ಶಿಳ್ಳೆ, ಚಪ್ಪಾಳೆ. ಆ ಗದ್ದಲದಲ್ಲಿ ಅವನನ್ನು ತಬ್ಬಿ, ಕೊಕ್ಕೆ ಸಿಕ್ಕಿಸಿ, ಬೆನ್ನು ಎರಡು ಸಲ ತಟ್ಟಿದೆ. "ನಾಳೆಯಿಂದ ಈ ಕಡೆ ಬರಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿ ಸೂಪರ್ ಹೀರೋ ಮೇಲಕ್ಕೆ ಹೋದ.

ಬಣ್ಣದ ಕೋಣೆಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊರಗೆ ವಂದನಾರ್ಪಣೆಯ ಭಾಷಣ ಶುರುವಾಗಿತ್ತು. ಅಕ್ಕ ಬಣ್ಣ ತೆಗೆಯುವ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ನಿಜವಾಗಿ ನನಗಿಂತ ದೊಡ್ಡವರು ಅಲ್ಲಿದ್ದದ್ದು ಅವರೊಬ್ಬರೇ. ಹದಿನಾಲ್ಕು ವರ್ಷ ದೊಡ್ಡವರು. ಬಗ್ಗಿ ಅವರ ಕಾಲಿಗೆ ಕೈ ಚಾಚಿದೆ.

ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡರು.

"ಈಗ ಬೇಡ" ಎಂದರು. ಆಮೇಲೆ ನಮ್ಮ ಮಾತಿನಲ್ಲಿ, ಜೋರೂ ಇಲ್ಲದೆ ಮೆಲ್ಲಗೂ ಇಲ್ಲದೆ ಹೇಳಿದರು. "ಆವತ್ ಅವ ನನ್ನ ಕಾಲ್ ಹಿಡಿತ್ಲೆ, ಅದ್ ನಂಗೆ ದೊಡ್ಡದಲ್ಲ. ಅವನ ಬುದ್ಧಿ ನಂಗೆ ಮೊದ್ಲೇ ಗೊತ್ತಿತ್ತ್. ನೀನೂ ಹಿಡಿತ್ಲೆ. ನೀ ನನ್ನ ಎದ್ರೇ ನಗಾಡಿಕಂಡ್ ಓಡ್ದ."

ಹೌದು, ನಾನೂ ಹಿಡಿದಿರಲಿಲ್ಲ. ಇಪ್ಪತ್ತೊಂದು ವರ್ಷ ನಾನು ಆ ದೃಶ್ಯದಲ್ಲಿ ಅವನನ್ನು ಮಾತ್ರ ನೋಡಿದ್ದೆ. ಈಗ ಇಡೀ ದೃಶ್ಯ ಕಾಣಿಸಿತು. ಜೋಡಿ ಕಾಲು ಹಿಡಿಯಬೇಕಿತ್ತು. ಅವನು ಕೈ ಎಳೆದದ್ದು ನಿಜ. ಆದರೆ ನಾನು ಕೈ ಬಿಡಿಸಿಕೊಂಡು ಕಾಲು ಹಿಡಿಯಬಹುದಿತ್ತು, ಇವತ್ತು ಆ ಹತ್ತೊಂಬತ್ತರ ಹುಡುಗಿ ಹಿಡಿದ ಹಾಗೆ. ನಾನು ನಕ್ಕಿದ್ದೆ. ಮೂವತ್ತಾರು ವರ್ಷದ ರಾಜಮಾತೆ ಆರತಿ ತಟ್ಟೆ ಹಿಡಿದುಕೊಂಡು ಒಂಟಿಯಾಗಿ ನಿಂತದ್ದು ಆವತ್ತು ನನಗೆ ತಮಾಷೆಯಾಗಿ ಕಂಡಿತ್ತು. ಅದಕ್ಕೇ ಅವರು ಮತ್ತೆ ವೇದಿಕೆ ಹತ್ತಲಿಲ್ಲ.

"ತಪ್ಪಾಯ್ತು ಅಕ್ಕ" ಎಂದೆ.

"ಸಭೆ ಎದ್ರ್ ಬಿಟ್ಟದ್" ಎಂದರು ಅಕ್ಕ. "ಸಭೆ ಎದ್ರೇ ಹಿಡಿ."

ಕೈಯ ಬಣ್ಣ ಒರೆಸಿಕೊಂಡು, ಬಾಗಿಲು ತೆರೆದು, ನನ್ನ ಉತ್ತರಕ್ಕೂ ಕಾಯದೆ ವೇದಿಕೆಗೆ ನಡೆದರು. ಇಪ್ಪತ್ತೊಂದು ವರ್ಷದ ಮೇಲೆ ಅವರು ದೀಪದ ಕೆಳಗೆ ಹೋದದ್ದು ಅದೇ ಮೊದಲು. ಕಲಾವಿದರೆಲ್ಲ ಸಾಲಾಗಿ ನಿಂತಿದ್ದರು, ಅವನು ನಡುವೆ ಹಾರ ಹಾಕಿಸಿಕೊಳ್ಳುತ್ತಿದ್ದ. ಅಕ್ಕ ಯಾರನ್ನೂ ಕೇಳದೆ ನಾಟಕದಲ್ಲಿ ನನ್ನದಾಗಿದ್ದ ಅಮ್ಮನ ಕುರ್ಚಿ ಎಳೆದುಕೊಂಡು ಮುಂದೆ ಕೂತರು. ಚಪ್ಪಲಿ ಬಿಟ್ಟು ಪಾದ ಮುಂದಿಟ್ಟರು. ಭಾಷಣ ಮಾಡುತ್ತಿದ್ದವರು ಮಾತು ನಿಲ್ಲಿಸಿದರು.

ನಾನು ಹೋದೆ. ತಲೆಯ ತುಂಬಾ ಬಿಳಿ ಪೌಡರು, ಮುಖದ ಗೆರೆ ಅರ್ಧ ಅಳಿಸಿತ್ತು. ಸಭೆಗೆ ಇದೂ ನಾಟಕದ ಭಾಗವೇ ಎಂಬ ಗುಮಾನಿ. ಮಂಡಿಯೂರಿ ಅವರ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡೆ. ಒಂದು. ಮತ್ತೆ ಮುಟ್ಟಿದೆ. ಎರಡು. ಆಗ ಅವರ ಕೈ ನನ್ನ ತಲೆಯ ಮೇಲೆ ಬಂತು. ಬಣ್ಣದ ವಾಸನೆಯ ಕೈ. ಪಕ್ಕದಲ್ಲಿ ಮೈಕು ಇತ್ತು, ಅವರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡದ್ದನ್ನು ನಾನು ನೋಡಿದೆ.

"ನೂರು ವರ್ಷ ಬಾಳು ಮಗಳೇ" ಎಂದರು, ಹಳೆಯ ರಾಜಮಾತೆಯ ದನಿಯಲ್ಲಿ, ಶುದ್ಧ ನಾಟಕದ ಕನ್ನಡದಲ್ಲಿ. "ನೂರಕ್ಕೆ ಇನ್ನು ಐವತ್ತೇಳು ಉಳಿದಿದೆ."

ಮತ್ತೆ ಎಲ್ಲರೂ ಕಳೆಯುತ್ತಿದ್ದರು. ಐದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ನನ್ನ ಮೂವತ್ತೆಂಟು ಮುನ್ನೂರು ಜನರ ಎದುರು ನಲವತ್ತಮೂರಾಯಿತು. ನಗು ಬಂತು. ಆ ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಅವನದು, ಹಾರದೊಳಗಿಂದ. ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಪಾದವನ್ನೂ ಹಿಂದೆ ತೆಗೆದಿರಲಿಲ್ಲ. ಎರಡೇ ಸಲ ಆಗಿತ್ತು, ಮೂರು ಆಗಬೇಕು. ಸಭೆ ನಗುತ್ತಿದ್ದ ಹಾಗೆಯೇ ಇನ್ನೊಮ್ಮೆ ಬಗ್ಗಿದೆ.